ಅರ್ಧ ಮೈಲಿಗಾಗಿ ತೀರಿಕೊಂಡ ಟಪ್ಪರ್

ಮನುಷ್ಯ ಸತ್ತನೆಂದು ಸಾಬೀತಾಗಲು ವೈದ್ಯರ ಚೀಟಿ ಬೇಕು ಎನ್ನುತ್ತದೆ ಕಾನೂನು. ನಮ್ಮ ಆಷ್‌ಬೆಕ್ ಕಡೆ ಅಷ್ಟೆಲ್ಲ ಬೇಕಿಲ್ಲ, ಸತ್ತವರ ನೆನಪಿಗೆ ದಾರಿ ಬದಿಯಲ್ಲಿ ಹಾಕಿಸುವಂಥ ಒಂದು ಬೆಂಚು ಸಾಕು. ಬೆಂಚಿನ ಬೆನ್ನಿಗೆ ಅಂಗೈಯಗಲದ ಹಿತ್ತಾಳೆ ತಗಡು, ತಗಡಿನ ಮೇಲೆ ನಿಮ್ಮ ಹೆಸರು. ಆಮೇಲೆ ನೀವು ಎಷ್ಟೇ ಉಸಿರಾಡಿದರೂ ಅದು ನಿಮ್ಮ ಸ್ವಂತ ಅಭಿಪ್ರಾಯ.

ಡೆಸ್ಮಂಡ್ ಟಪ್ಪರ್ ಅವರಿಗೆ ಇದು ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ. ನಲವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಇಂಥ ನೂರಾರು ಬೆಂಚುಗಳ ಮೇಲೆ ಕೂತು ಸ್ಯಾಂಡ್‌ವಿಚ್ ತಿಂದವರು. ಆದರೆ ಅಭಿಮಾನಕ್ಕೆ ಪೆಟ್ಟು ಬಿದ್ದ ಮನುಷ್ಯನಿಗೆ ಕಣ್ಣೆದುರಿನ ಕಂಬವೂ ಕಾಣುವುದಿಲ್ಲ.

ಪೆಟ್ಟು ಬಿದ್ದದ್ದು ಹಳೆ ರೈಲು ದಾರಿಯ ಕಾರಣದಿಂದ. ಆಷ್‌ಬೆಕ್‌ನಿಂದ ಕಡಲ ದಂಡೆಯ ಮಾರ್ಷ್‌ಹೋಮ್‌ವರೆಗೆ ಹನ್ನೊಂದು ಮೈಲಿ. ರೈಲು ನಿಂತು ಅರವತ್ತು ವರ್ಷವಾಗಿ, ಹಳಿ ಕಿತ್ತು, ಮುಳ್ಳುಕಂಟಿ ಬೆಳೆದು, ಮೊಲಗಳ ಆಸ್ತಿಯಾಗಿದ್ದ ಆ ದಾರಿಯನ್ನು ಊರವರೆಲ್ಲ ಸೇರಿ ಸವರಿ ಸೈಕಲ್ ದಾರಿ ಮಾಡಿದರು. ಕಾರಿಲ್ಲ, ಲಾರಿಯಿಲ್ಲ, ಅಜ್ಜಿಯರು ಕೂಡ ಹಾಡು ಹೇಳಿಕೊಂಡು ಪೆಡಲ್ ತುಳಿಯಬಹುದು. ನಡುವೆ ಒಂದು ಅರ್ಧ ಮೈಲಿ ಮಾತ್ರ ಇಲ್ಲ. ಅದು ರೈತ ಏಮೋಸ್ ಗಾರ್ತ್ ಅವರದ್ದು. ರೈಲು ನಿಂತಾಗ ಅವರಪ್ಪ ಆ ಜಾಗ ಕೊಂಡಿದ್ದರು, ಈಗ ಅಲ್ಲಿ ಹುರುಳಿಕಾಯಿ ಬೆಳೆಯುತ್ತದೆ. ಹಾಗಾಗಿ ಹಾಡು ಹೇಳುತ್ತ ಬಂದ ಅಜ್ಜಿ ಆ ಬೇಲಿಯ ಹತ್ತಿರ ಹಾಡು ನಿಲ್ಲಿಸಿ, ಲಾರಿ ಓಡುವ ದೊಡ್ಡ ರಸ್ತೆಗೆ ಇಳಿದು, ಅರ್ಧ ಮೈಲಿ ಜೀವ ಕೈಯಲ್ಲಿ ಹಿಡಿದು ಹೋಗಿ, ಮತ್ತೆ ದಾರಿಗೆ ಹತ್ತಿ, ಮರೆತ ಸಾಲನ್ನು ನೆನಪು ಮಾಡಿಕೊಳ್ಳಬೇಕು.

ಒಂಬತ್ತು ವರ್ಷದ ಹಿಂದೆ ಆ ರಸ್ತೆಯಲ್ಲಿ ಆಲೂಗಡ್ಡೆ ಲಾರಿಯೊಂದರ ಗಾಳಿಗೆ ಟಪ್ಪರ್ ಅವರ ಹೆಂಡತಿ ಬೆರಿಲ್ ಸೈಕಲ್ ಸಮೇತ ಚರಂಡಿಗೆ ಬಿದ್ದರು. ಎಡ ಮಣಿಕಟ್ಟು ಮುರಿಯಿತು. ಮಣಿಕಟ್ಟೇನೋ ಕೂಡಿತು, ಸೈಕಲ್ ಮಾತ್ರ ಶೆಡ್ಡು ಸೇರಿತು. ಗಂಡಹೆಂಡತಿ ಜೊತೆಯಾಗಿ ಕಡಲ ದಂಡೆಗೆ ಹೋಗಿ ಬರುತ್ತಿದ್ದ ಭಾನುವಾರಗಳು ಅಲ್ಲಿಗೆ ನಿಂತವು. ಆ ವಾರವೇ ಟಪ್ಪರ್ ಗಾರ್ತ್ ಅವರಿಗೆ ಮೊದಲ ಪತ್ರ ಬರೆದರು.

ಮೊದಲ ಪತ್ರ ಒಂದು ಪುಟದ್ದು. ಆಮೇಲೆ ಕೈ ಕುದುರಿತು. ರೋಮನ್ನರು ರಸ್ತೆ ಮಾಡಿದ ಕ್ರಮ, ಡೆನ್ಮಾರ್ಕಿನವರ ಸೈಕಲ್ ಪ್ರೇಮ, ಹೊಗೆ, ಹೃದಯರೋಗ, ನಾಗರಿಕತೆ, ಹೀಗೆ ವಿಷಯಗಳು ತಾವಾಗಿ ಬಂದು ಸಾಲುಗಟ್ಟಿದವು. ಒಂದು ಪತ್ರದಲ್ಲಿ ಗಾರ್ತ್ ಅವರನ್ನು ಹಿಮಯುಗದ ಮನುಷ್ಯ ಎಂದು ಕರೆದು, ಅದರ ನಕಲನ್ನು ವಾರಪತ್ರಿಕೆಗೂ ಕಳಿಸಿದರು. ಒಟ್ಟು ಇನ್ನೂರ ಹದಿನಾಲ್ಕು ಪತ್ರಗಳು. ಉತ್ತರ ಬಂದದ್ದು ಒಂದೇ, ಗೂಳಿಯ ಚಿತ್ರವಿದ್ದ ಅಂಚೆ ಕಾರ್ಡು. ಅದರ ಹಿಂದೆ, "ಆಗಲ್ಲ. ಗಾರ್ತ್."

ಉಳಿದ ಹತ್ತೂವರೆ ಮೈಲಿಯ ದಾರಿ ಸಿದ್ಧವಾದಾಗ ಪಂಚಾಯ್ತಿ ಒಂದು ಕೃತಜ್ಞತಾ ಫಲಕ ಹಾಕಿತು. ಕಲ್ಲು ಹೊತ್ತವರು, ಮುಳ್ಳು ಕಡಿದವರು, ಚಹಾ ಕಾಸಿದವರು, ನೆಲದಲ್ಲಿ ಕುಸಿದ ಬಿಲವೊಂದನ್ನು ಪತ್ತೆ ಮಾಡಿದ ಬಿಸ್ಕಿಟ್ ಎಂಬ ನಾಯಿ, ಎಲ್ಲರ ಹೆಸರೂ ಇತ್ತು. ಟಪ್ಪರ್ ಅವರದ್ದು ಇರಲಿಲ್ಲ. ಅವರು ಮೂರು ಸಲ ಓದಿದರು. ನಾಯಿಯ ಹೆಸರನ್ನು ನಾಲ್ಕು ಸಲ.

ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವರು ತಮಗೆ ತಾವೇ ಒಂದು ಬೆಂಚು ಮಾಡಿಸಿಕೊಂಡರು.

"ಬೇಡ ಕಣೋ ಡೆಸ್," ಎಂದರು ಬೆರಿಲ್. "ಅದೆಲ್ಲ ಸತ್ತೋರಿಗೆ ಮಾಡ್ಸೋದು."

"ಸತ್ತ ಮೇಲೆ ನನಗೇನು ಕಾಣುತ್ತೆ? ಕಣ್ಣು ಚೆನ್ನಾಗಿರುವಾಗಲೇ ನೋಡ್ಕೋಬೇಕು."

ತಗಡು ಕೆತ್ತುವವನ ಅರ್ಜಿಯಲ್ಲಿ ವರ್ಷ ಬರೆಯಲು ಎರಡು ಚೌಕಗಳಿದ್ದವು. ಅರ್ಜಿಯ ಚೌಕವನ್ನು ಖಾಲಿ ಬಿಡುವುದು ಟಪ್ಪರ್ ಅವರ ಜಾಯಮಾನದಲ್ಲಿಲ್ಲ. ಮೊದಲನೆಯದರಲ್ಲಿ ಹುಟ್ಟಿದ ವರ್ಷ ತುಂಬಿದರು. ಎರಡನೆಯದು ಬೆಂಚು ಹಾಕಿದ ವರ್ಷ ಇರಬೇಕು ಎಂದು ತಾವೇ ತೀರ್ಮಾನಿಸಿ ಅದನ್ನೂ ತುಂಬಿದರು. ಕೆತ್ತುವವನು ಅರ್ಜಿ ಓದಿ, "ಬಹಳ ಬೇಸರದ ವಿಷಯ ಸಾರ್" ಎಂದ. ಅವನ ವ್ಯಾಪಾರ ಸರಿಯಿಲ್ಲವೇನೋ ಎಂದುಕೊಂಡು ಟಪ್ಪರ್ ಅವನ ಬೆನ್ನು ತಟ್ಟಿ ಬಂದರು.

ಬೆಂಚನ್ನು ದಾರಿ ತುಂಡಾಗುವ ಜಾಗದಲ್ಲೇ, ಗಾರ್ತ್ ಅವರ ಹೊಲಕ್ಕೆ ಮುಖ ಮಾಡಿ ಹಾಕಿಸಿದರು. ದಿನವೂ ಆ ಮನುಷ್ಯನ ಕಣ್ಣಿಗೆ ಚುಚ್ಚಲಿ ಎಂಬ ಸದುದ್ದೇಶ. "ಡೆಸ್ಮಂಡ್ ಟಪ್ಪರ್, 1953 – 2023. ಈ ದಾರಿ ಅವರ ಕನಸು."

ಮೂರನೆಯ ಭಾನುವಾರ ಟಪ್ಪರ್ ತಗಡಿಗೆ ಹೊಳಪು ಕೊಡಲು ಬಟ್ಟೆ, ಡಬ್ಬಿ ಹಿಡಿದು ಸೈಕಲ್ ಏರಿ ಹೋದರು. ಬೆಂಚಿನ ಮುಂದೆ ಹೊರಗಿನ ಯಾವುದೋ ಊರಿನ ಸೈಕಲ್ ಸಂಘದ ಆರು ಜನ ಹೆಲ್ಮೆಟ್ ಕಳಚಿ, ತಲೆ ತಗ್ಗಿಸಿ ನಿಂತಿದ್ದರು. ಬೆಂಚಿನ ಮೇಲೆ ಪೆಟ್ರೋಲ್ ಬಂಕಿನಲ್ಲಿ ಕೊಂಡ ಹೂವು. ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಯಜಮಾನ್ರೇ, ಒಂದ್ನಿಮಿಷ ನಿಲ್ತೀರಾ? ಮೌನ ಆಚರಿಸ್ತಿದೀವಿ," ಎಂದು ಒಬ್ಬ ಹೆಂಗಸು ಪಿಸುಗುಟ್ಟಿದಳು.

ಮೌನದ ನಡುವೆ ಬಾಯಿ ಹಾಕುವುದು ಟಪ್ಪರ್ ಬೆಳೆದ ಮನೆಯಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಅವರು ಹೆಲ್ಮೆಟ್ ತೆಗೆದು, ತಮ್ಮ ಆತ್ಮಕ್ಕೆ ಶಾಂತಿ ಕೋರುತ್ತ, ಪೂರ್ತಿ ಒಂದು ನಿಮಿಷ ನಿಂತರು.

"ನಿಮಗೆ ಇವರ ಪರಿಚಯ ಇತ್ತಾ?" ಮೌನ ಮುಗಿದ ಮೇಲೆ ಆಕೆ ಕೇಳಿದಳು.

"ಹ್ಞಾಂ... ಮುಖಪರಿಚಯ," ಎಂದರು ಟಪ್ಪರ್. ದಿನವೂ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುವ ಮುಖ, ಸುಳ್ಳೇನಲ್ಲ.

"ಹೇಗಿದ್ರು ಮನುಷ್ಯ?"

"ದೂರದೃಷ್ಟಿ ಇದ್ದೋರು ಅಂತ ಕೆಲವರು ಹೇಳ್ತಾರೆ."

ಪಕ್ಕದ ದಪ್ಪ ಮನುಷ್ಯ ನಕ್ಕ. "ನಾನು ಕೇಳಿದ್ದೇ ಬೇರೆ. ಕಾಗದ ಬರೆದೂ ಬರೆದೂ ಜನರ ಪ್ರಾಣ ತಿಂತಿದ್ರಂತೆ. ಪತ್ರಿಕೆ ಆಫೀಸಲ್ಲಿ ಅವರ ಲಕೋಟೆ ಬಂದ ತಕ್ಷಣ ಎಲ್ರೂ ಟೀ ಕುಡಿಯೋಕೆ ಎದ್ದೋಗ್ತಿದ್ರಂತೆ."

"ಸತ್ತೋರ ಬಗ್ಗೆ ಹಾಗೆಲ್ಲ ಅನ್ಬಾರ್ದು ಕಣೋ," ಎಂದಳು ಆಕೆ.

"ಸತ್ತಿದ್ದು ಒಳ್ಳೇದಾಯ್ತು ಅಂದ್ನಾ ನಾನು? ಹೇಗಿದ್ರು ಅಂತ ನೀನೇ ಕೇಳಿದೆ, ನಾನು ಹೇಳ್ದೆ."

"ಕೆಲವು ಕಾಗದಗಳು ಚೆನ್ನಾಗಿದ್ವು," ಎಂದರು ಟಪ್ಪರ್, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಹೊಳಪಿನ ಡಬ್ಬಿ ಜೇಬಿನಲ್ಲೇ ಉಳಿಯಿತು.

ತಗಡನ್ನು ಮರುದಿನವೇ ಕಿತ್ತುಹಾಕಬೇಕೆಂದು ಅವರು ನಿಶ್ಚಯ ಮಾಡಿದ್ದು ನಿಜ. ಆದರೆ ಮರುದಿನ ಬೆಳಿಗ್ಗೆ ಬೆರಿಲ್ ಹೆಸರಿಗೆ ಕಪ್ಪಂಚಿನ ಸಂತಾಪದ ಕಾರ್ಡೊಂದು ಬಂತು. ಟಪ್ಪರ್ ಆಗಷ್ಟೇ ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತಿದ್ದರು. ಬೆರಿಲ್ ಗಟ್ಟಿಯಾಗಿ ಓದಿದರು.

"ಮಿಸೆಸ್ ಟಪ್ಪರ್ ಅವರಿಗೆ. ಬೆಂಚು ನೋಡಿದೆ. ನಿಮ್ಮ ಗಂಡ ನನ್ನ ಪಾಲಿಗೆ ಕಿವಿಗೆ ಹೊಕ್ಕ ನೊಣ. ಆತ ಬದುಕಿರುವ ತನಕ ಗೇಣು ಜಾಗವನ್ನೂ ಬಿಡುವುದಿಲ್ಲ ಎಂದು ನಾಲ್ಕು ಜನರ ಮುಂದೆ ಆಣೆ ಮಾಡಿದ್ದೆ. ಆಣೆ ತೀರಿತು. ಆ ಅರ್ಧ ಮೈಲಿಯ ವಿಚಾರ ಮಾತಾಡಬೇಕು. ಗುರುವಾರ ಮೂರು ಗಂಟೆಗೆ ಬರುತ್ತೇನೆ. ಕೇಕು ನಾನೇ ತರುತ್ತೇನೆ. ಎ. ಗಾರ್ತ್."

ಟಪ್ಪರ್ ಕುರ್ಚಿ ಬೀಳುವಂತೆ ಎದ್ದು ನಿಂತರು. "ಗೆದ್ದೆ ಬೆರಿಲ್! ಗೆದ್ದೆ!" ಎರಡು ಕ್ಷಣ ಹಾಗೇ ನಿಂತಿದ್ದು, ಕುರ್ಚಿ ಎತ್ತಿಟ್ಟು, ಅದರ ಮೇಲೆ ಕುಸಿದರು. "ಆದ್ರೆ ಸತ್ತಿದೀನಿ."

"ಫೋನ್ ಮಾಡಿ ಹೇಳ್ಬಿಡು, ಬದುಕಿದ್ದೀನಿ ಅಂತ."

"ಹೇಳಿದ್ರೆ ಆಣೆ ಮತ್ತೆ ಜೀವ ಪಡೆಯುತ್ತೆ! ಒಂಬತ್ತು ವರ್ಷದಲ್ಲಿ ಆಗದ ಕೆಲಸ ಸತ್ತು ಮೂರು ವಾರದಲ್ಲಿ ಆಗ್ತಿದೆ. ಇನ್ನು ಮೂರು ದಿನ ಸತ್ತಿದ್ರೆ ಏನು ಗಂಟು ಹೋಗುತ್ತೆ?"

"ನಾನು ಸುಳ್ಳು ಹೇಳಲ್ಲ ಡೆಸ್."

"ಯಾರು ಹೇಳು ಅಂದ್ರು? ನಾನು ಬದುಕಿದ್ದೀನಿ ಅನ್ನೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜವನ್ನೇ ಹೇಳು."

ಬೆರಿಲ್ ತಣ್ಣಗಾದ ಮೊಟ್ಟೆಯನ್ನು ಗಂಡನ ಮುಂದಿನಿಂದ ಎತ್ತಿಕೊಂಡು ಹೋದರು.

ಕಾನೂನಿನ ತೊಡಕೇನಾದರೂ ಇದೆಯೇ ಎಂದು ಕೇಳಲು ಟಪ್ಪರ್ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಪಂಚಾಯ್ತಿ ಕಾರ್ಯದರ್ಶಿ ಡಾಫ್ನಿ ಕ್ರಂಪ್ ಅವರ ಮನೆಗೆ ಹೋದರು. ಮಿಸ್ ಕ್ರಂಪ್ ಇಪ್ಪತ್ತೆರಡು ವರ್ಷದಿಂದ ಪಂಚಾಯ್ತಿಯ ನಡಾವಳಿ ಬರೆಯುತ್ತಿರುವವರು. ಅವರ ಪುಸ್ತಕದಲ್ಲಿಲ್ಲದ ಘಟನೆ ಆಷ್‌ಬೆಕ್‌ನಲ್ಲಿ ನಡೆದಿಲ್ಲ.

"ಬನ್ನಿ ಮಿಸ್ಟರ್ ಟಪ್ಪರ್. ನೀವು ತೀರಿಕೊಂಡ್ರಿ ಅಂತ ಮಾರ್ಷ್‌ಹೋಮ್‌ನಿಂದ ಎರಡು ಕಾಗದ ಬಂದಿದೆ. ನಿಜವಾ?"

"ನೋಡ್ತಿದೀರಲ್ಲ."

"ನಾನು ನೋಡೋದು ದಾಖಲೆಗೆ ಬರಲ್ಲ. ಪಂಚಾಯ್ತಿ ನಿಮಗೆ ಬಾಡಿಗೆಗೆ ಕೊಟ್ಟ ತರಕಾರಿ ಪಾತಿ ಖಾಲಿ ಆಯ್ತಾ ಅಂತ ಐದು ಜನ ಆಗಲೇ ವಿಚಾರಿಸಿದಾರೆ. ಸರದಿ ಪಟ್ಟಿ ಹನ್ನೊಂದು ವರ್ಷದ್ದು ನೋಡಿ, ಪಾಪ, ಅವರಿಗೂ ಆಸೆ ಇರುತ್ತೆ. ಒಬ್ರಂತೂ ನಿಮ್ಮ ಕುಂಬಳಬಳ್ಳಿಗೆ ನೀರು ಹಾಕ್ತಿದಾರೆ."

"ನನ್ನ ಕುಂಬಳಕ್ಕೆ?"

"ನಿಮ್ಮ ನೆನಪಿಗೆ ಅಂತ."

ಟಪ್ಪರ್ ಗಾರ್ತ್ ಅವರ ಕಾರ್ಡಿನ ಸುದ್ದಿ ಹೇಳಿ ವಿಷಯಕ್ಕೆ ಬಂದರು. ಗಾರ್ತ್ ಜಾಗ ಬಿಟ್ಟುಕೊಟ್ಟರೆ ಪಂಚಾಯ್ತಿ ತೆಗೆದುಕೊಳ್ಳಬಹುದೇ? ಅದಕ್ಕೆ ತಾವು ಸತ್ತಿರಲೇಬೇಕೇ?

ಮಿಸ್ ಕ್ರಂಪ್ ಕನ್ನಡಕ ಒರೆಸಿಕೊಂಡರು. "ಮಿಸ್ಟರ್ ಗಾರ್ತ್ ರುಜು ಹಾಕಿದ್ರೆ ಸಾಕು. ಅವರು ಯಾಕೆ ಹಾಕಿದ್ರು ಅನ್ನೋಕೆ ಅರ್ಜೀಲಿ ಜಾಗ ಇಲ್ಲ. ನೀವು ಬದುಕಿದೀರಾ ಅನ್ನೋದು ಕಾರ್ಯಸೂಚೀಲಿ ಇಲ್ಲ. ಕಾರ್ಯಸೂಚೀಲಿ ಇಲ್ಲದ್ದನ್ನ ನಾನು ಚರ್ಚೆ ಮಾಡಲ್ಲ." ಬಾಗಿಲವರೆಗೆ ಬಂದು ಮೆಲ್ಲಗೆ ಸೇರಿಸಿದರು, "ಗುರುವಾರ ಮೂರು ಗಂಟೆಗೆ ಮಾತ್ರ ದಯವಿಟ್ಟು ಎಲ್ಲೂ ಕಾಣಿಸ್ಕೋಬೇಡಿ. ನನಗೂ ಆ ರಸ್ತೇಲಿ ಸೈಕಲ್ ಹೊಡೆದು ಸಾಕಾಗಿದೆ."

ಗುರುವಾರ ಬಿಸಿಲು ಚೆನ್ನಾಗಿತ್ತು. ಗಾರ್ತ್ ಮನೆಯೊಳಗೆ ಕೂರುವ ಪೈಕಿ ಅಲ್ಲ. ಬೂಟಿನ ಮಣ್ಣು ತೋರಿಸಿ, "ತೋಟದಲ್ಲೇ ಕೂರೋಣ ತಾಯಿ" ಎಂದು ನೇರ ಹಿತ್ತಿಲಿಗೆ ಬಂದರು. ಹಿತ್ತಿಲಿನ ಮೂಲೆಯಲ್ಲಿ ಹಲಗೆಯ ಶೆಡ್ಡು. ಟಪ್ಪರ್ ಅದರೊಳಗೆ ಮಗುಚಿಟ್ಟ ಬಕೆಟಿನ ಮೇಲೆ ಕೂತಿದ್ದರು. ಒಂದು ಥರ್ಮಾಸ್, ಆರು ಶುಂಠಿ ಬಿಸ್ಕತ್ತು ಮತ್ತು ಬೆರಿಲ್ ಅವರ ಹಳೆಯ ನೀಲಿ ಸೈಕಲ್ ಜೊತೆಗಿದ್ದವು. ಚಹಾದ ಮೇಜು ಶೆಡ್ಡಿನಿಂದ ನಾಲ್ಕು ಮಾರು ದೂರ. ಒಂದೊಂದು ಮಾತೂ ಕೇಳಿಸುತ್ತಿತ್ತು.

"ಮನೆ ಬಿಕೋ ಅನ್ನುತ್ತಾ ತಾಯಿ?"

"ಇವತ್ತು ಬಹಳ ನಿಶ್ಶಬ್ದವಾಗಿದೆ ಮಿಸ್ಟರ್ ಗಾರ್ತ್."

"ಕೊನೇಲಿ ನರಳಿದ್ರಾ?"

"ಅವರು ನರಳಲಿಲ್ಲ. ಒಂಬತ್ತು ವರ್ಷ ನರಳಿದ್ದು ನಾನು."

"ಊಟ ಗೀಟ ಸೇರ್ತಿತ್ತಾ?"

"ಬೆಳಿಗ್ಗೆ ತನಕ ಚೆನ್ನಾಗೇ ಸೇರ್ತಿತ್ತು."

ಗಾರ್ತ್ ನಿಟ್ಟುಸಿರು ಬಿಟ್ಟರು. ಒಣದ್ರಾಕ್ಷಿ ಕೇಕನ್ನು ಕೊಯ್ಯುವ ಸದ್ದು ಕೇಳಿಸಿತು. ಟಪ್ಪರ್ ಬಿಸ್ಕತ್ತೊಂದನ್ನು ಬಾಯಿಗಿಟ್ಟುಕೊಂಡರು. ಕಚ್ಚಿದರೆ ಸದ್ದಾಗುತ್ತದೆಂದು ಹಾಗೇ ಹಿಡಿದುಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರಿಗೆ ಆ ಅರ್ಧ ಮೈಲಿ ಮೇಲೆ ಯಾಕಷ್ಟು ಹಟ?"

"ಒಂಬತ್ತು ವರ್ಷದ ಹಿಂದೆ ಆ ರಸ್ತೇಲಿ ಲಾರಿಗೆ ಹೆದರಿ ಬಿದ್ದೆ. ಈ ಕೈ ಮುರೀತು. ಆಮೇಲೆ ಸೈಕಲ್ ಮುಟ್ಟೋಕೆ ಧೈರ್ಯ ಬರ್ಲಿಲ್ಲ. ಇಬ್ರೂ ಜೊತೇಲಿ ಕಡಲ ದಂಡೆಗೆ ಹೋಗ್ತಿದ್ವಿ, ಅದು ನಿಂತೋಯ್ತು. ಅಷ್ಟೇ."

ಚಹಾದ ಲೋಟ ಮೇಜಿನ ಮೇಲೆ ಇಟ್ಟ ಸದ್ದು.

"ಅಷ್ಟೇನಾ?" ಗಾರ್ತ್ ದನಿ ಏರಿತು. "ಅಲ್ಲ ತಾಯಿ, ಇನ್ನೂರ ಹದಿನಾಲ್ಕು ಕಾಗದ! ನಾನು ಒಂದೊಂದನ್ನೂ ಓದಿದೀನಿ, ಚಳಿಗಾಲದಲ್ಲಿ ಬೇರೇನು ಕೆಲಸ? ರೋಮನ್ನರ ಬಗ್ಗೆ ಇತ್ತು. ಡೆನ್ಮಾರ್ಕ್ ರಾಣಿ ಬಗ್ಗೆ ಇತ್ತು. ನನ್ನ ಬುದ್ಧಿ ಬಗ್ಗೆ ಎರಡು ಪುಟ ಇತ್ತು. ಹೆಂಡ್ತಿ ಬಿದ್ಲು, ಕೈ ಮುರ್ಕೊಂಡ್ಲು ಅಂತ ಒಂದು ಸಾಲು ಇರ್ಲಿಲ್ಲ! ಇದ್ದಿದ್ರೆ ಆ ವಾರವೇ ಬೇಲಿ ಕೀಳ್ತಿದ್ದೆನಲ್ಲ ನಾನು!"

ಶೆಡ್ಡಿನಲ್ಲಿ ಟಪ್ಪರ್ ಅವರಿಗೆ ಬಕೆಟಿನ ತಳ ಕುಸಿದಂತಾಯಿತು. ಅವರು ಮೊದಲ ಪತ್ರವನ್ನು ನೆನಪಿಸಿಕೊಂಡರು. ಅದರಲ್ಲೂ ಇರಲಿಲ್ಲ. ಅದು ಶುರುವಾಗಿದ್ದು "ರೈಲ್ವೆಯ ಇತಿಹಾಸವನ್ನು ಗಮನಿಸಿದರೆ" ಎಂದು. ಗಮನಿಸಬೇಕಾದವರು ಆ ದಿನ ಕೈಗೆ ಪಟ್ಟಿ ಹಾಕಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಟಪ್ಪರ್ ಅವರಿಗೆ ಬಹಳ ನಾಚಿಕೆಯಾಯಿತು.

"ಆ ಸೈಕಲ್ ಇದೆಯಾ ಇನ್ನೂ?"

"ಶೆಡ್ಡಲ್ಲೇ ಇದೆ... ಮಿಸ್ಟರ್ ಗಾರ್ತ್, ಇನ್ನೊಂದು ತುಂಡು ಕೇಕು ತಗೊಳ್ಳಿ... ಮಿಸ್ಟರ್ ಗಾರ್ತ್!"

ಗಾರ್ತ್ ಆಗಲೇ ಎದ್ದು ದಾಪುಗಾಲು ಹಾಕಿ ಶೆಡ್ಡಿನ ಬಾಗಿಲು ತೆರೆದಿದ್ದರು.

ಬಿಸಿಲು ನೇರ ಟಪ್ಪರ್ ಮುಖಕ್ಕೆ ಬಿತ್ತು. ಗಾರ್ತ್ ಟಪ್ಪರ್ ಅವರನ್ನು ಚಪ್ಪಲಿಯಿಂದ ಶುರುಮಾಡಿ, ಬಕೆಟ್, ಥರ್ಮಾಸ್, ಬಾಯಲ್ಲಿ ಅರ್ಧ ಹೊರಗಿದ್ದ ಬಿಸ್ಕತ್ತಿನವರೆಗೆ ಸಾವಕಾಶವಾಗಿ ನೋಡಿದರು. ಸಂತೆಯಲ್ಲಿ ಕುರಿ ಕೊಳ್ಳುವವರು ನೋಡುವ ಹಾಗೆ. ಟಪ್ಪರ್ ಆದಷ್ಟು ಅಲುಗಾಡದೆ ಕೂತರು. ಸತ್ತವರು ಮಾಡಬಹುದಾದದ್ದು ಅಷ್ಟೇ.

ಗಾರ್ತ್ ಬಾಗಿಲು ಮುಚ್ಚಿದರು. ಹೊರಗಿನಿಂದ ಚಿಲಕ ಹಾಕಿದರು. ಹೋಗಿ ಕುರ್ಚಿಯಲ್ಲಿ ಕೂತರು.

"ಸೈಕಲ್ ಚೆನ್ನಾಗಿದೆ ತಾಯಿ. ಪಕ್ಕದಲ್ಲಿ ಒಂದಷ್ಟು ಹಳೇ ಸಾಮಾನು ಬಿದ್ದಿದೆ, ಪುರುಸೊತ್ತಾದಾಗ ಎಸೀರಿ."

"ಮಿಸ್ಟರ್ ಗಾರ್ತ್, ನಾನು ಹೇಳ್ಬೇಕಂತಲೇ..."

"ಏನೂ ಹೇಳ್ಬೇಡಿ. ನಾನು ಆಣೆಗೆ ತಪ್ಪೋನಲ್ಲ. ಆತ ಬದುಕಿರೋ ತನಕ ಕೊಡಲ್ಲ ಅಂದಿದ್ದೆ. ಆತ ಹೋದ ಅಂತ ಬೆಂಚು ಹೇಳುತ್ತೆ, ನಾನು ಬೆಂಚನ್ನ ನಂಬ್ತೀನಿ." ಗಾರ್ತ್ ಕುರ್ಚಿಯನ್ನು ಶೆಡ್ಡಿನ ಕಡೆ ತಿರುಗಿಸಿಕೊಂಡು ದನಿ ಎತ್ತರಿಸಿದರು. "ನಾಳೆ ರುಜು ಹಾಕ್ತೀನಿ. ಅರ್ಧ ಮೈಲಿ ನಿಮಗೋಸ್ಕರ ಬಿಡ್ತೀನಿ. ಆದ್ರೆ ಸತ್ತೋರು ಕಾಗದ ಬರೆಯಲ್ಲ. ಸಭೇಲಿ ಎದ್ದು ನಿಲ್ಲಲ್ಲ. ಈ ದಾರಿ ನಾನು ಮಾಡ್ಸಿದ್ದು ಅಂತ ಎದೆ ಉಬ್ಬಿಸಲ್ಲ. ಅಂಥದ್ದೊಂದು ನನ್ನ ಕಿವಿಗೆ ಬಿತ್ತೋ, ಆಣೆ ಎದ್ದು ಕೂರುತ್ತೆ, ಗೇಟಿಗೆ ಬೀಗ ಬೀಳುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದರು ಬೆರಿಲ್.

"ನಿಮಗಲ್ಲ ಕೇಳಿದ್ದು."

ಶೆಡ್ಡಿನೊಳಗಿಂದ ಬಿಸ್ಕತ್ತು ಕಚ್ಚಿದ ಸದ್ದು ಒಂದು ಸಲ ಕೇಳಿಸಿತು.

ಗಾರ್ತ್ ಹೋದ ಮೇಲೂ ಬೆರಿಲ್ ತಮ್ಮ ಚಹಾ ಪೂರ್ತಿ ಮುಗಿಸಿ, ಇನ್ನೊಂದು ತುಂಡು ಕೇಕು ತಿಂದು, ಆಮೇಲೆ ಚಿಲಕ ತೆಗೆದರು. ಟಪ್ಪರ್ ಬಕೆಟಿನಿಂದ ಏಳಲಿಲ್ಲ.

"ನಾನು ನಿನ್ನ ವಿಷಯ ಬರೀಲೇ ಇಲ್ಲ ಅಲ್ವಾ?"

"ಇಲ್ಲ."

"ಒಂದ್ಸಲಾನೂ?"

"ನಕಲು ತೆಗೀತಿದ್ದೋಳು ನಾನೇ ಅಲ್ವೇನೋ."

ಟಪ್ಪರ್ ಸೈಕಲ್ಲಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸತೊಡಗಿದರು. ಕ್ಷಮೆ ಕೇಳುವುದನ್ನು ನಾಲ್ಕು ಪುಟ ಬರೆಯಬಲ್ಲವರು ಬಾಯಲ್ಲಿ ಒಂದೇ ಮಾತು ಹೇಳಿದರು, "ತಪ್ಪಾಯ್ತು ಬೆರಿಲ್." ಬೆರಿಲ್ ಗಂಡನ ಕೈಗೆ ಎಣ್ಣೆ ಡಬ್ಬಿ ಎತ್ತಿಕೊಟ್ಟರು.

ಗಾರ್ತ್ ಹೇಳಿದಂತೆ ರುಜು ಹಾಕಿದರು. ಸೆಪ್ಟೆಂಬರಿನ ಮೊದಲ ಶನಿವಾರ ಅರ್ಧ ಮೈಲಿಯ ಉದ್ಘಾಟನೆ. ನಡುವಿನ ಮೂರು ತಿಂಗಳು ಟಪ್ಪರ್ ಒಂದೇ ಒಂದು ಪತ್ರ ಬರೆಯಲಿಲ್ಲ. ಅಂಚೆ ಕಚೇರಿಯ ಹೆಂಗಸು ಕಳವಳಗೊಂಡು ಮನೆಗೆ ಬಂದು ಆರೋಗ್ಯ ವಿಚಾರಿಸಿದಳು. ತರಕಾರಿ ಪಾತಿಯ ಐವರು ಬಹಳ ನಿರಾಶೆಯಿಂದ ಸರದಿಗೆ ಮರಳಿದರು.

ಸಮಾರಂಭಕ್ಕೆ ಐವತ್ತು ಸೈಕಲ್ಲು, ಬಿಸ್ಕಿಟ್ ಎಂಬ ನಾಯಿ, ವಾರಪತ್ರಿಕೆಯ ವರದಿಗಾರ್ತಿ, ಎಲ್ಲ ಸೇರಿದ್ದವು. ಗಾರ್ತ್ ಭಾಷಣ ಚಿಕ್ಕದು. "ಇದು ಮಿಸೆಸ್ ಟಪ್ಪರ್ ಅವರ ಎಡಗೈಗೆ. ಮುಗೀತು."

ಟಪ್ಪರ್ ಹೊಸ ಗೇಟನ್ನು ನೋಡಿದರು. ಅದನ್ನು ತಪ್ಪು ಕಡೆಗೆ ತೆರೆಯುವಂತೆ ಕೂರಿಸಿದ್ದರು, ಸೈಕಲ್ ಇಳಿಯದೆ ದಾಟುವ ಹಾಗಿರಲಿಲ್ಲ. ಇದರ ಬಗ್ಗೆ ಕಡಿಮೆಯೆಂದರೂ ಮೂರು ಪುಟ ಅವರ ತಲೆಯಲ್ಲಿ ತಾನಾಗಿ ಸಿದ್ಧವಾಯಿತು. ಬಾಯಿ ತೆರೆದರು.

"ಏನೋ ಹೇಳೋ ಹಾಗಿತ್ತು?" ಎಂದರು ಗಾರ್ತ್, ಗೇಟಿನ ಚಿಲಕದ ಮೇಲೆ ಕೈಯಿಟ್ಟು.

"ಇಲ್ಲ ಇಲ್ಲ. ಒಳ್ಳೇ ಗೇಟು."

ಅಷ್ಟರಲ್ಲಿ ವರದಿಗಾರ್ತಿ ಪುಸ್ತಕ ತೆರೆದುಕೊಂಡು ನೇರ ಅವರ ಹತ್ತಿರ ಬಂದಳು. "ಸಾರ್, ಈ ದಾರಿಗೋಸ್ಕರ ಒಂಬತ್ತು ವರ್ಷ ಒಬ್ರು ಹೋರಾಡಿದ್ರಂತಲ್ಲ. ಅದು ನೀವೇನಾ?"

ಈ ಪ್ರಶ್ನೆಗಾಗಿ ಟಪ್ಪರ್ ಒಂಬತ್ತು ವರ್ಷ ಕಾದಿದ್ದರು. ಉತ್ತರವನ್ನು ಕನ್ನಡಿಯ ಮುಂದೆ ಮೂರು ಧಾಟಿಯಲ್ಲಿ ಅಭ್ಯಾಸ ಮಾಡಿದ್ದರು, ವಿನಯದ್ದೊಂದು, ಗಾಂಭೀರ್ಯದ್ದೊಂದು, ಚಪ್ಪಾಳೆ ನಿಲ್ಲುವವರೆಗೆ ಕಾಯುವುದೊಂದು. ಗಾರ್ತ್ ಚಿಲಕ ಹಿಡಿದು, ಮಳೆ ಬರುತ್ತದೋ ಇಲ್ಲವೋ ಎಂಬಂತೆ ಆಕಾಶ ನೋಡುತ್ತಿದ್ದರು. ಬೆರಿಲ್ ನೀಲಿ ಸೈಕಲ್ ಮೇಲೆ ಕೂತು ಒಂದು ಕಾಲು ನೆಲಕ್ಕೂರಿದ್ದರು. ಮುರಿದು ಕೂಡಿದ್ದ ಎಡಗೈ ಬ್ರೇಕನ್ನು ಬಿಗಿಯಾಗಿ ಹಿಡಿದಿತ್ತು.

"ಅಲ್ಲಮ್ಮ," ಎಂದರು ಟಪ್ಪರ್. "ಆ ಮನುಷ್ಯ ತೀರಿಕೊಂಡ."

"ಓ. ಮತ್ತೆ ನೀವು?"

"ನಾನು ಇವರ ಗಂಡ."

ವರದಿಗಾರ್ತಿ ಮಿಸೆಸ್ ಟಪ್ಪರ್ ಅವರ ಮುಖ ನೋಡಿ, ಬೆಂಚಿನ ತಗಡು ನೋಡಿ, ಟೊಮೆಟೊ ಹಣ್ಣಿನಷ್ಟು ಕೆಂಪಾದಳು. "ಇಷ್ಟು... ಬೇಗನಾ?"

"ಈ ವಯಸ್ಸಲ್ಲಿ ಕಾಯ್ತಾ ಕೂರೋಕಾಗುತ್ತಾ ಮಗು?" ಎಂದರು ಬೆರಿಲ್. "ಮೊದಲಿನೋರಿಗಿಂತ ಇವರೇ ವಾಸಿ. ಕಾಗದ ಬರೆಯಲ್ಲ, ನಾನು ಹೇಳಿದ್ದು ಕೇಳಿಸ್ಕೊತಾರೆ."

ಗಾರ್ತ್ ಗೇಟನ್ನು ಅಗಲಕ್ಕೆ ತೆರೆದು ಹಿಡಿದರು. ಬೆರಿಲ್ ನೆಲದಿಂದ ಕಾಲೆತ್ತಿ ಹೊರಟೇಬಿಟ್ಟರು, ಮೊದಲು ಕೊಂಚ ಓಲಾಡುತ್ತ, ಆಮೇಲೆ ನೇರವಾಗಿ. ಟಪ್ಪರ್ ಸೈಕಲ್ ಏರಿ, ನಾಯಿಯನ್ನು ತಪ್ಪಿಸಿಕೊಂಡು, ಅವರ ಹಿಂದೆ ಜೋರಾಗಿ ಪೆಡಲ್ ತುಳಿದರು.